ಗುಳಿಗೆಗೆ ನೀರು ಕೇಳುವ ಕಾಸೀಮಬೀ

ಇಟಗಿಯಲ್ಲಿ ಇನ್ನೂ ನಸುಕು. ಓಣಿಯ ಒಂದೆರಡು ಮನೆಗಳಿಂದ ಬೀಸುವ ಕಲ್ಲಿನ ಸದ್ದು ಬರುತ್ತಿದೆ. ಸಣ್ಣವ್ವನವರ ಮನೆಯ ಪಡಸಾಲೆಯಲ್ಲಿ, ಬಾಣಂತಿ ಕೋಣೆಯ ಹೊಸ್ತಿಲಿಗೆ ಬೆನ್ನು ಕೊಟ್ಟು, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಲಗೈ ಮುಂದಕ್ಕೆ ಚಾಚಿದೆ. ಅಂಗೈ ಮೇಲೆ ಎರಡು ಬಿಳಿ ಗುಳಿಗೆಗಳಿವೆ. ಕೋಣೆಯೊಳಗೆ ಮನೆಯ ಸೊಸೆ ಉಡಚಮ್ಮ ಮಲಗಿದ್ದಾಳೆ. ಹೆತ್ತು ಆರು ದಿನವಾಗಿದೆ, ಮೈ ಕಾದ ಹಂಚಿನಂತೆ ಸುಡುತ್ತಿದೆ. ಗುಳಿಗೆಗೂ ರೋಗಿಗೂ ನಡುವೆ ಮೂರು ಮೊಳದ ದೂರ, ಆದರೂ ಆ ಕೈ ಒಳಗೆ ಹೋಗುತ್ತಿಲ್ಲ. ಅದು ನೀರಿಗಾಗಿ ಕಾಯುತ್ತಿದೆ.

ಸಣ್ಣವ್ವ ಒಂದು ಹಿತ್ತಾಳೆ ಬಟ್ಟಲು ತರುತ್ತಾರೆ. ಅಜವಾನ ಹಾಕಿ ಕುದಿಸಿದ ನೀರು, ಮೂರು ಗುಟುಕಿನಷ್ಟು. ಕೂತವರು ಬಟ್ಟಲಿನೊಳಗೆ ಇಣುಕಿ ನೋಡಿ ತಲೆ ಅಲ್ಲಾಡಿಸುತ್ತಾರೆ. ತಂಬಿಗೆ ತುಂಬ ಬೇಕು ಅನ್ನುತ್ತಾರೆ. ಹಸಿ ಮೈಯವಳಿಗೆ ತಂಬಿಗೆ ನೀರು ಕುಡಿಸಿ ಕೊಲ್ಲಬೇಕೇನು ಎಂದು ಸಣ್ಣವ್ವ ಕೇಳುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಸಣ್ಣವ್ವ ಬಟ್ಟಲನ್ನು ನೆಲಕ್ಕಿಟ್ಟು ಸೊಂಟದ ಮೇಲೆ ಕೈ ಇಡುತ್ತಾರೆ.

“ಗ್ಯಾನಪ್ಪನ್ನ ಹಡದಾಗ ಇದ ಕೋಣ್ಯಾಗ ನನ್ನ ನಾಲಿಗಿ ಒಣಗಿ ಕಟ್ಟಿಗಿ ಆಗಿತ್ತು. ಒಂದ ಗುಟುಕ ನೀರಿಗೆ ಅತ್ತೀನಿ. ಕೊಡಬ್ಯಾಡ್ರಿ ಅಂತ ಇದ ಬಾಗಲಾಗ ಕುಂತಾಕಿ ಯಾರು?”

“ನಾನ,” ಅನ್ನುತ್ತಾರೆ ಕಾಸೀಮಬೀ. ಚಾಚಿದ ಕೈ ಹಿಂದಕ್ಕೆ ಬರುವುದಿಲ್ಲ.

ಪಡಸಾಲೆಯ ಇನ್ನೊಂದು ಮೂಲೆಯಲ್ಲಿ, ಮನೆಯ ಮಗ ಗ್ಯಾನಪ್ಪ ಹಾಸಿಕೊಟ್ಟ ಕಂಬಳಿಯ ಮೇಲೆ ನಾನು ಕೂತಿದ್ದೇನೆ. ಯುದ್ಧದ ಸುದ್ದಿ ಓದಿ ಓದಿ ಜನ ಬೇಸತ್ತಿದ್ದಾರೆ, ಭಾನುವಾರದ ಪುಟಕ್ಕೆ ಮನಸ್ಸಿಗೆ ಹಿತವಾಗುವಂಥದ್ದೇನಾದರೂ ಬರೆದುಕೊಡಿ ಎಂದು ಸಂಪಾದಕರು ಹೇಳಿ ಕಳಿಸಿದ್ದರು. ಅವರ ಕ್ಷಮೆ ಕೇಳುತ್ತೇನೆ. ಎಲೆಮರೆಯ ಕಾಯಿ ಹುಡುಕಿಕೊಂಡು ಬಂದವನಿಗೆ ಕಾಯಿ ಸಿಕ್ಕಿದೆ, ಆದರೆ ಅದು ಕಹಿ.

ಕಾಸೀಮಬೀ ತಾಲೂಕು ದವಾಖಾನೆಯ ಆಯಾ. ನೆಲ ಒರೆಸುವುದು, ಗಾಯದ ಪಟ್ಟಿ ಕುದಿಸುವುದು, ರೋಗಿಗಳ ಹೊಲಸು ಎತ್ತುವುದು ಅವರ ನೇಮಕದ ಕೆಲಸ. ಅದಕ್ಕೂ ಮೊದಲು ಮೂವತ್ತು ವರ್ಷ ಅವರು ಸೂಲಗಿತ್ತಿಯಾಗಿದ್ದರು. ತಾಯಿಯಿಂದ ಬಂದ ವಿದ್ಯೆ ಅದು. ಹತ್ತಿ ಹಿಂಜುತ್ತಿದ್ದ ಗಂಡ ಮಕ್ಬುಲಸಾಬ ಬೇಗ ತೀರಿಕೊಂಡ ಮೇಲೆ ಅದೇ ಅನ್ನವಾಯಿತು. ಯಲಬುರ್ಗಾದಿಂದ ಅಳವಂಡಿಯ ತನಕ ಅವರು ಹೋಗದ ಹಳ್ಳಿಯಿಲ್ಲ. ಎಷ್ಟು ಹೆರಿಗೆ ಮಾಡಿಸಿರಬಹುದು ಎಂದು ಕೇಳಿದರೆ, ಸಾವಿರ ದಾಟಿರಬೇಕು, ಕೂಸುಗಳನ್ನು ಎಣಿಸಬಾರದೆಂದು ತಾಯಿ ಹೇಳಿದ್ದಳು ಅನ್ನುತ್ತಾರೆ.

ಈ ಸೀಮೆಯಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಮೊದಲ ಮೂರು ದಿನ ತುಟಿ ತೊಯ್ಯುವಷ್ಟು ಮಾತ್ರ, ಆಮೇಲೆ ತಿಂಗಳ ತನಕ ದಿನಕ್ಕೆ ಎರಡು ಬಟ್ಟಲು ಅಜವಾನದ ನೀರು. ಕುಡಿದರೆ ಹೊಟ್ಟೆ ಬರುತ್ತದೆ, ಒಳಗಿನ ಗಾಯ ಮಾಗುವುದಿಲ್ಲ, ಹಾಲು ಕುಡಿಯುವ ಕೂಸಿಗೆ ಕಫ ಕಟ್ಟುತ್ತದೆ ಎಂಬುದು ನಂಬಿಕೆ. ಹಿಂದೂಗಳಲ್ಲೂ ಹೀಗೇ, ಮುಸಲ್ಮಾನರಲ್ಲೂ ಹೀಗೇ. ಆ ಕಟ್ಟಳೆಯನ್ನು ಕಾಸೀಮಬೀ ಹುಟ್ಟಿಸಲಿಲ್ಲ. ಆದರೆ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಕಾವಲು ಕೂತವರು ಅವರೇ. ಕೊಡವನ್ನು ಬಾಣಂತಿಯ ಕೈಗೆ ಎಟುಕದಷ್ಟು ದೂರ ಇಡಿಸುತ್ತಿದ್ದರು. ಕರಗುವ ಕರುಳಿನ ತಾಯಂದಿರು ಕದ್ದು ಕುಡಿಸಿದರೆ ಗದರುತ್ತಿದ್ದರು. ಅವರ ಮಾತು ಮೀರಿದ ಮನೆಗೆ ಎರಡನೇ ಹೆರಿಗೆಗೆ ಹೋಗುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದೆ ದವಾಖಾನೆಗೆ ಸಲ್ಫಾ ಎಂಬ ಬಿಳಿ ಗುಳಿಗೆ ಬಂತು. ಬಾಣಂತಿ ಜ್ವರಕ್ಕೆ ಅಲ್ಲಿಯ ತನಕ ಮದ್ದೆಂಬುದೇ ಇರಲಿಲ್ಲ, ಚಳಿ ಹತ್ತಿ ನಡುಗಲು ಶುರುವಾದರೆ ಮನೆಯವರು ಅಳಲು ಶುರು ಮಾಡುತ್ತಿದ್ದರು. ಈ ಗುಳಿಗೆ ಆ ಜ್ವರವನ್ನು ಇಳಿಸುತ್ತದೆ. ಆದರೆ ಇದು ಕಷಾಯವಲ್ಲ, ಇದಕ್ಕೆ ನೇಮವಿದೆ ಎಂದು ಹೈದರಾಬಾದಿನಿಂದ ಬಂದಿರುವ ಡಾಕ್ಟರ್ ಸಾಹೇಬರು ಒತ್ತಿ ಹೇಳುತ್ತಾರೆ. ನಾಲ್ಕು ತಾಸಿಗೊಮ್ಮೆ ತಪ್ಪದೆ ನುಂಗಬೇಕು. ಜ್ವರ ಬಿಟ್ಟರೂ ಕೊಟ್ಟಷ್ಟನ್ನೂ ಮುಗಿಸಬೇಕು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರು ನುಂಗಬಾರದು. ಮೈಮೇಲೆ ದದ್ದು ಎದ್ದರೆ, ಮೂತ್ರ ಕೆಂಪಾದರೆ ತಕ್ಷಣ ತಿಳಿಸಬೇಕು. ಎಲ್ಲಕ್ಕೂ ಮೇಲಾಗಿ, ಪ್ರತಿ ಸಲವೂ ತಂಬಿಗೆ ನೀರು ಕುಡಿಯಬೇಕು. ಇಲ್ಲವಾದರೆ ಗುಳಿಗೆ ಮೂತ್ರಪಿಂಡದಲ್ಲಿ ಉಸುಕಿನಂತೆ ಕಟ್ಟಿಕೊಂಡು ಮೂತ್ರವೇ ನಿಂತುಬಿಡುತ್ತದೆ.

ನೀರು ಕುಡಿಯಬಾರದ ಬಾಣಂತಿಗೆ, ನೀರಿಲ್ಲದೆ ನುಂಗಬಾರದ ಗುಳಿಗೆ. ಅತ್ತ ದರಿ, ಇತ್ತ ಪುಲಿ. ಕಾಸೀಮಬೀ ಕೈ ಚಾಚಿಕೊಂಡು ಕೂತಿರುವುದು ಇವೆರಡರ ನಡುವೆ.

ಬಾಣಂತಿಯರು ಹೊಸ್ತಿಲು ದಾಟಿ ದವಾಖಾನೆಗೆ ಬರುವುದಿಲ್ಲ. ಹೀಗಾಗಿ ಡಾಕ್ಟರು ಚಕ್ಕಡಿಯಲ್ಲಿ ಒಮ್ಮೆ ಬಂದು ನೋಡಿ, ಗುಳಿಗೆ ಬರೆದು ಹೋಗುತ್ತಾರೆ. ಹಿಂದಿನಿಂದ ಕಾಸೀಮಬೀ ನಡೆದು ಬರುತ್ತಾರೆ. ಯಲಬುರ್ಗಾದಿಂದ ಇಟಗಿಗೆ ನಾಲ್ಕು ಹರದಾರಿ. ಐದು ದಿನಕ್ಕೆ ಅರವತ್ತು ಗುಳಿಗೆ, ಅಷ್ಟೂ ಅವರ ನಡುವಿಗೆ ಕಟ್ಟಿದ ತಂಬಾಕಿನ ಡಬ್ಬಿಯಲ್ಲಿರುತ್ತವೆ. ಮನೆಯವರ ಕೈಗೆ ಪೊಟ್ಟಣ ಕೊಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತು. ಅಳವಂಡಿಯಲ್ಲಿ ಒಬ್ಬರು ಎರಡು ಗುಳಿಗೆಯನ್ನು ಕೂಸಿನ ಉಡಿದಾರಕ್ಕೆ ತಾಯತದ ಜೊತೆ ಕಟ್ಟಿದ್ದರು. ಇನ್ನೊಬ್ಬರು ತುಪ್ಪದಲ್ಲಿ ತೇದು ಬಾಣಂತಿಯ ಹೊಟ್ಟೆಗೆ ಹಚ್ಚಿದ್ದರು. ಬಹಳ ಮಂದಿ ಮಾಡುವುದು ಇದಕ್ಕಿಂತ ಸರಳ. ಜ್ವರ ಇಳಿಯುತ್ತಲೇ ಉಳಿದದ್ದನ್ನು ಉಪ್ಪಿನ ಗಡಿಗೆಯಲ್ಲಿ ಬಚ್ಚಿಡುತ್ತಾರೆ, ಮುಂದೆ ಯಾರಿಗಾದರೂ ಬೇಕಾದೀತೆಂದು. ಇಳಿದ ಜ್ವರ ಮತ್ತೆ ಏರಿದಾಗ ಗಡಿಗೆ ನೆನಪಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹೊತ್ತಿನ ವಿಷಯದಲ್ಲಿ ಕಾಸೀಮಬೀಯವರೂ ಎಡವಿದ್ದರು. ಹಳ್ಳಿಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಮೊದಮೊದಲು ಅಜಾನ್ ಕೂಗಿದಾಗಲೆಲ್ಲ ಎರಡು ಗುಳಿಗೆ ಎಂದು ಹೇಳಿಕೊಟ್ಟರು. ನಸುಕಿನ ಅಜಾನಿಗೂ ಮಧ್ಯಾಹ್ನದ ಅಜಾನಿಗೂ ನಡುವೆ ಅರ್ಧ ದಿನವೇ ಕಳೆಯಿತು, ಸಂಜೆಯ ಮೇಲಿನವು ಒಂದರ ಬೆನ್ನಿಗೆ ಒಂದು ಬಂದವು. ರೋಗಿ ವಾಂತಿ ಮಾಡಿದಳು, ಡಾಕ್ಟರು ಬೈದರು. ಈಗ ಅವರ ಲೆಕ್ಕ ಬೇರೆ. ಮೂಡಲು ಕೆಂಪಾದಾಗ ಒಮ್ಮೆ, ದನ ಅಡವಿಗೆ ಹೋಗಿ ಬಹಳ ಹೊತ್ತಾದ ಮೇಲೆ ಒಮ್ಮೆ, ನೆರಳು ತಿರುಗಿದ ಮೇಲೆ, ದನ ಮರಳಿದಾಗ, ಊರು ಮಲಗಿದಾಗ. ಆರನೆಯದಕ್ಕೆ ಗುರುತಿಲ್ಲ. ಊರಿನ ಪಿಂಜಾರರ ಮನೆಯ ಕಟ್ಟೆಯ ಮೇಲೆ ಮಲಗುವ ಕಾಸೀಮಬೀ ಆ ಹೊತ್ತಿಗೆ ತಾವಾಗಿಯೇ ಏಳುತ್ತಾರೆ. ಮೂವತ್ತು ವರ್ಷ ಹೆರಿಗೆಗೆ ಎದ್ದ ಮೈ ಅದು.

ಕಾಸೀಮಬೀ ಬಾಣಂತಿಯ ಮೈ ಮುಟ್ಟಬಹುದು, ಗುಳಿಗೆ ಕೊಡಬಹುದು. ಪುರುಡಿನ ಕೋಣೆಗೆ ಹೇಗೂ ಮೈಲಿಗೆ, ಮದ್ದಿಗೆ ಮಡಿಯಿಲ್ಲ. ಆದರೆ ಈ ಮನೆಯ ಕೊಡ ಮುಟ್ಟುವಂತಿಲ್ಲ. ಅವರ ಕೈ ನೀರು ಇಲ್ಲಿ ನಡೆಯುವುದಿಲ್ಲ. ಕೊಡ ಮುಟ್ಟಿದರೆ ನೀರಿನ ಜೊತೆ ಗುಳಿಗೆಯೂ ತಿಪ್ಪೆಗೆ ಹೋಗುತ್ತದೆ. ಆದ್ದರಿಂದ ನೀರು ಅತ್ತೆಯ ಕೈಯಿಂದಲೇ ಬರಬೇಕು. ಕಾಸೀಮಬೀಯವರ ಕೆಲಸವೆಂದರೆ ಗುಳಿಗೆ ನುಂಗಿಸುವುದಲ್ಲ, ಅತ್ತೆಯಂದಿರ ಕೈಯಿಂದ ನೀರು ಬಗ್ಗಿಸಿ ಕೊಡಿಸುವುದು. ನಿನ್ನೆ ಅವರು ಸಣ್ಣವ್ವನವರ ಮಾತನ್ನು ನಂಬಿದ್ದರು. ಕುಡಿಸಿದೆ, ಕುಡಿಸಿದೆ ಎಂದು ಸಣ್ಣವ್ವ ಹೇಳಿದಂತೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿದ್ದರು. ಈ ನಸುಕಿನಲ್ಲಿ ನೋಡಿದರೆ ಉಡಚಮ್ಮನ ಮೂತ್ರ ಬಟ್ಟಲಿನಷ್ಟೂ ಇಲ್ಲ, ಬಣ್ಣ ಕಂದು. ಗೋಡೆಯ ಮೇಲಿನ ಆರೂ ಗೆರೆ ಸುಳ್ಳು. ಗುಳಿಗೆ ಕೊಟ್ಟರೂ ಜೀವಕ್ಕೆ ಕುತ್ತು, ಕೊಡದಿದ್ದರೂ ಕುತ್ತು.

ಆ ಕಂದು ಬಣ್ಣವನ್ನು ಅವರು ಹಿಂದೆ ನೋಡಿದ್ದಾರೆ, ತಮ್ಮದೇ ಮನೆಯಲ್ಲಿ.

ಮೂರು ವರ್ಷದ ಹಿಂದೆ ಅವರ ಸೊಸೆ ಹಜರತಬೀ ಹೆಣ್ಣು ಹೆತ್ತಳು. ನಾಲ್ಕನೇ ದಿನ ಜ್ವರ ಬಂತು. ಡಾಕ್ಟರು ಇದೇ ಗುಳಿಗೆ ಕೊಟ್ಟರು, ನೀರಿನ ಮಾತನ್ನು ಎರಡು ಸಲ ಹೇಳಿದರು. ಗುಳಿಗೆಯನ್ನು ಕಾಸೀಮಬೀ ಹೊತ್ತು ತಪ್ಪದೆ ಕೊಟ್ಟರು. ನೀರನ್ನು ಮಾತ್ರ ತಾವು ಊರಿಗೆಲ್ಲ ಹೇಳಿದಂತೆಯೇ ಕೊಟ್ಟರು, ದಿನಕ್ಕೆ ಎರಡು ಬಟ್ಟಲು. ಗಂಡಸು ಡಾಕ್ಟರಿಗೆ ಬಾಣಂತನ ಏನು ಗೊತ್ತು ಅನ್ನಿಸಿತ್ತಂತೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಓಣಿಗೆಲ್ಲ ಸಕ್ಕರೆ ಹಂಚಿದರು. ಮರುದಿನ ಮೂತ್ರ ಕಂದಾಯಿತು, ಅದರ ಮರುದಿನ ನಿಂತಿತು. ಮುಖ ಊದಿಕೊಂಡು, ಎಚ್ಚರ ತಪ್ಪಿ, ಎಂಟು ದಿನದ ಒಳಗೆ ಹುಡುಗಿ ಹೋದಳು.

“ಜ್ವರಾ ಬಿಟ್ಟ ಮ್ಯಾಲ ಸತ್ಲರಿ,” ಅನ್ನುತ್ತಾರೆ ಕಾಸೀಮಬೀ. “ಗುಳಿಗಿ ತನ್ನ ಕೆಲಸಾ ಮಾಡಿತ್ತು. ನೀರಿನ ಕೆಲಸಾ ನಂದಿತ್ತು.”

ಹೆಂಡತಿಯನ್ನು ಮಣ್ಣು ಮಾಡಿ ಬಂದ ಮಗ ಉಮರಸಾಬ, ಆ ಬಿಳಿ ಗುಳಿಗೆಯೇ ಕೊಂದಿತು ಎಂದು ಕೂಗಾಡಿದ. ತಾಯಿ ಎದುರು ಮಾತಾಡಲಿಲ್ಲ. ಅವನು ಕೂಸನ್ನು ಎತ್ತಿಕೊಂಡು ಗಂಗಾವತಿಗೆ, ಹೆಂಡತಿಯ ತವರಿಗೆ ಹೋದ. ಅಲ್ಲೇ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಮೂರು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಮೊಮ್ಮಗಳಿಗೆ ಏನು ಹೆಸರಿಟ್ಟರು ಎಂಬುದೂ ಕಾಸೀಮಬೀಗೆ ಮೂರನೆಯವರಿಂದ ತಿಳಿಯಿತು. ಅವರು ಹೆರಿಗೆ ಮಾಡಿಸುವುದನ್ನು ಬಿಟ್ಟು ದವಾಖಾನೆಯ ಬಾಗಿಲಿಗೆ ಹೋಗಿ, ನೆಲ ಒರೆಸುವ ಕೆಲಸವಿದ್ದರೂ ಕೊಡಿ ಎಂದು ನಿಂತರು. ಗುಳಿಗೆಯ ಹಿಂದೆ ಹಳ್ಳಿಗೆ ಹೋಗು ಎಂದು ಅವರಿಗೆ ಯಾರೂ ಹೇಳಲಿಲ್ಲ. ಮೊದಲ ಸಲ ಅವರೇ ಹೊರಟರು, ಆಮೇಲೆ ಡಾಕ್ಟರು ಕಳಿಸತೊಡಗಿದರು.

ಹೊತ್ತು ಏರುತ್ತಿದೆ. ಗುಳಿಗೆಯ ಸಮಯ ಮೀರುತ್ತಿದೆ. ಕೋಣೆಯೊಳಗಿಂದ ಉಡಚಮ್ಮ ಸಣ್ಣ ದನಿಯಲ್ಲಿ ನೀರು ಕೇಳುತ್ತಾಳೆ. ಗ್ಯಾನಪ್ಪ ತಾಯಿಯ ಮುಖ ನೋಡಿ ಅಂಗಳಕ್ಕೆ ಇಳಿಯುತ್ತಾನೆ. ಆಗ ಕಾಸೀಮಬೀ, ನನಗೆ ಹೇಳಿದ್ದನ್ನೆಲ್ಲ ಸಣ್ಣವ್ವನವರಿಗೆ ಹೇಳುತ್ತಾರೆ. ಹಜರತಬೀಯ ಜ್ವರ, ಎರಡು ಬಟ್ಟಲು, ಊದಿದ ಮುಖ, ಯಾವುದನ್ನೂ ಬಿಡುವುದಿಲ್ಲ. ತಪ್ಪು ನನ್ನದು, ನಾನು ಕಲಿಸಿದ್ದೇ ತಪ್ಪು ಅನ್ನುತ್ತಾರೆ. ಗೋಡೆಗೆ ಒರಗಿ ನಿಂತಿದ್ದ ಸಣ್ಣವ್ವ ನೆಲಕ್ಕೆ ಕೂರುತ್ತಾರೆ.

ಸಣ್ಣವ್ವನವರಿಗೆ ಹೊಳಿಯಮ್ಮ ಎಂಬ ಮಗಳಿದ್ದಳು. ಏಳು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಇದೇ ಕೋಣೆಯಲ್ಲಿ ಜ್ವರ ಬಂದು ತೀರಿಹೋದಳು. ಬಾಗಿಲಲ್ಲಿ ಕೂತಿದ್ದ ಸೂಲಗಿತ್ತಿ ಕಾಸೀಮಬೀ. ಮಗಳು ನೀರು ನೀರು ಅನ್ನುತ್ತ ಒಂಬತ್ತು ದಿನ ಕಳೆದಳು. ತಾಯಿ ಕೊಡಲಿಲ್ಲ. ಕೊಡದಿದ್ದದ್ದು ಅವಳ ಒಳ್ಳೆಯದಕ್ಕೇ ಎಂಬ ಒಂದು ಮಾತನ್ನು ಹಿಡಿದುಕೊಂಡು ಆ ತಾಯಿ ಏಳು ವರ್ಷ ಬದುಕಿದ್ದಾರೆ. ಈಗ ಅದನ್ನೂ ಕಿತ್ತುಕೊಳ್ಳಲು ಹಳೆಯ ಸೂಲಗಿತ್ತಿ ಹೊಸ್ತಿಲಲ್ಲಿ ಬಂದು ಕೂತಿದ್ದಾಳೆ. ಸೊಸೆಗೆ ತುಂಬಿದ ತಂಬಿಗೆ ಕೊಟ್ಟರೆ ಮಗಳಿಗೂ ಕೊಡಬಹುದಿತ್ತು ಎಂದು ಒಪ್ಪಿಕೊಂಡಂತೆ. ಸಣ್ಣವ್ವನವರ ಹಟವನ್ನು ನಾನು ಅಲ್ಲಿಯ ತನಕ ಹಳ್ಳಿಯ ಮೌಢ್ಯ ಎಂದೇ ತಿಳಿದಿದ್ದೆ. ನಾಲ್ಕಕ್ಷರ ಬಲ್ಲವನಿಗೆ ನಾಚಿಕೆಯಾಗುತ್ತದೆ.

“ಹಂಗಾರ ನಮ್ಮ ಹೊಳಿಯಮ್ಮ?” ಎಂದು ಕೇಳುತ್ತಾರೆ ಸಣ್ಣವ್ವ. “ಆಕಿಗೆ ನೀರ ಕೊಟ್ಟಿದ್ರ ಉಳೀತಿದ್ಲೇನು?”

ಇಲ್ಲಿ ಕಾಸೀಮಬೀಗೆ ತಪ್ಪಿಸಿಕೊಳ್ಳುವ ದಾರಿಯೊಂದಿದೆ, ಅದು ಸುಳ್ಳೂ ಅಲ್ಲ. ಅವರು ಅದರಲ್ಲಿ ಅರ್ಧ ದೂರ ಮಾತ್ರ ಹೋಗುತ್ತಾರೆ.

“ಇಲ್ಲ ತಂಗಿ. ಆವಾಗ ಈ ಗುಳಿಗಿ ಇರಲಿಲ್ಲ, ಜ್ವರಾನ ಒಯ್ತಿತ್ತು. ಆದ್ರ ನೀರ ಕೇಳಕೋತ ಹೋಗ್ತಿರಲಿಲ್ಲ. ಅದಷ್ಟು ನಾ ಮಾಡಿದ್ದು.”

ಸಣ್ಣವ್ವ ಅಳುವುದಿಲ್ಲ. ಎದ್ದು ಅಡುಗೆಮನೆಗೆ ಹೋಗುತ್ತಾರೆ. ಕೊಡದ ಮುಚ್ಚಳ ತೆಗೆಯುವ ಸದ್ದು, ನೀರು ಬಗ್ಗಿಸುವ ಸದ್ದು. ತುಳುಕುವ ತಂಬಿಗೆ ಹಿಡಿದು ಬಂದು, ಕಾಸೀಮಬೀಯವರ ಅಂಗೈಯಿಂದ ಎರಡು ಗುಳಿಗೆ ತಾವೇ ಎತ್ತಿಕೊಂಡು ಕೋಣೆಯೊಳಗೆ ಹೋಗುತ್ತಾರೆ. ಉಡಚಮ್ಮ ಗಟಗಟ ಕುಡಿಯುವುದು ನನಗೆ ಪಡಸಾಲೆಯ ಮೂಲೆಗೂ ಕೇಳುತ್ತದೆ. ಇನ್ನೊಂದು ಬೇಕೇ ಎಂದು ಅತ್ತೆ ಕೇಳುವುದೂ ಕೇಳುತ್ತದೆ. ಕಾಸೀಮಬೀ ಗೋಡೆಯ ಮೇಲಿನ ಹಳೆಯ ಆರು ಗೆರೆಗಳನ್ನು ಸೆರಗಿನಿಂದ ಒರೆಸಿ ಹೊಸದಾಗಿ ಒಂದು ಎಳೆಯುತ್ತಾರೆ.

ಆ ದಿನ ಹೊತ್ತು ಮುಳುಗುವ ಹೊತ್ತಿಗೆ ಮೂತ್ರ ತಿಳಿಯಾಗುತ್ತದೆ. ನಾಲ್ಕನೇ ದಿನ ಜ್ವರ ಬಿಡುತ್ತದೆ. ಗ್ಯಾನಪ್ಪನಿಗೆ ಆಗ ಜಾಣತನ ಬರುತ್ತದೆ. ಹೇಗೂ ಬಿಟ್ಟಿದೆಯಲ್ಲ, ಉಳಿದ ಗುಳಿಗೆಯನ್ನು ಹನುಮನಹಳ್ಳಿಯಲ್ಲಿ ಚಳಿಜ್ವರ ಹಿಡಿದು ಮಲಗಿರುವ ಮಾವನಿಗೆ ಕಳಿಸೋಣ ಅನ್ನುತ್ತಾನೆ. ಅದು ಅವನಿಗೆ ಬರೆದ ಮದ್ದಲ್ಲ ಎಂದು ಕಾಸೀಮಬೀ ಬಾಯಿ ತೆರೆಯುವ ಮೊದಲೇ ಸಣ್ಣವ್ವ ಮಗನನ್ನು ಅಂಗಳಕ್ಕೆ ಅಟ್ಟುತ್ತಾರೆ. ಅರವತ್ತೂ ಗುಳಿಗೆ ಇದೇ ಮನೆಯಲ್ಲಿ, ಇದೇ ಹೊಟ್ಟೆಗೆ ಎಂಬುದು ಅವರ ತೀರ್ಪು. ಆದರೆ ಈ ನಾಲ್ಕು ದಿನ ಅವರು ಕಾಸೀಮಬೀಯ ಮುಖ ನೋಡಿ ಒಂದು ಮಾತನ್ನೂ ಆಡಿಲ್ಲ. ಹೊತ್ತಾದಾಗ ಬಂದು ಕೈ ಒಡ್ಡುತ್ತಾರೆ, ಗುಳಿಗೆ ತೆಗೆದುಕೊಳ್ಳುತ್ತಾರೆ, ನೀರು ಕುಡಿಸುತ್ತಾರೆ. ಅಷ್ಟೇ.

ಕಡೆಯ ಎರಡು ಗುಳಿಗೆ ಒಳಗೆ ಹೋದ ಮೇಲೆ ಕಾಸೀಮಬೀ ಖಾಲಿ ಡಬ್ಬಿ ಮುಚ್ಚಿ ಏಳುತ್ತಾರೆ. ಇನ್ನೂ ಕೆಲವು ದಿನ ನೀರು ಹೀಗೇ ನಡೆಯಲಿ, ಮೈಮೇಲೆ ಕೆಂಪು ದದ್ದು ಕಂಡರೆ ದವಾಖಾನೆಗೆ ಹೇಳಿ ಕಳಿಸಿ ಎಂದು ಗೋಡೆಗೆ ಹೇಳುವಂತೆ ಹೇಳುತ್ತಾರೆ. ಸಣ್ಣವ್ವ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ.

“ಇನ್ನ ಈ ಮನಿ ಬಾಗಲಕ್ಕ ಬರಬ್ಯಾಡ ಬೀಬಿ.”

“ಆಗ್ಲಿ ತಂಗಿ,” ಅನ್ನುತ್ತಾರೆ ಇವರು.

ಯಲಬುರ್ಗಾದ ದಾರಿಯಲ್ಲಿ ನಾನೂ ಅವರ ಜೊತೆ ನಡೆಯುತ್ತೇನೆ. ಬರಬೇಡ ಎಂದ ಮನೆಗಳಲ್ಲಿ ಇದು ಮೊದಲನೆಯದಲ್ಲವಂತೆ. ಮೂರು ವರ್ಷದಲ್ಲಿ ಹತ್ತೊಂಬತ್ತು ಮನೆಗೆ ಗುಳಿಗೆ ಹಿಡಿದು ಹೋಗಿದ್ದಾರೆ. ಐವರು ಹೋದರು, ಉಡಚಮ್ಮನೂ ಸೇರಿ ಹದಿನಾಲ್ವರು ಉಳಿದರು. ಆ ಹದಿನಾಲ್ಕರಲ್ಲಿ ಹನ್ನೊಂದು ಮನೆಯವರು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ಪ್ರತಿ ಮನೆಯಲ್ಲೂ ಒಬ್ಬ ಹೊಳಿಯಮ್ಮ ಇದ್ದಾಳೆ, ಇಲ್ಲವೇ ಒಣಗಿದ ನಾಲಿಗೆಯ ನೆನಪಾದರೂ ಇದೆ. ಹಾಗಿದ್ದರೆ ತಮ್ಮ ತಪ್ಪನ್ನು ಯಾಕೆ ಹೇಳಿಕೊಳ್ಳಬೇಕು, ಡಾಕ್ಟರು ಹೇಳಿದ್ದಾರೆ ಎಂದರೆ ಸಾಲದೇ ಎಂದು ಕೇಳುತ್ತೇನೆ.

“ಡಾಕ್ಟರ್ ಹೇಳ್ಯಾರಂದ್ರ ಅರ್ಧಾ ಬಟ್ಟಲ ಕೊಡ್ತಾರ್ರಿ ಮಾಸ್ತರ. ನಾ ತಪ್ಪ ಮಾಡೀನಿ ಅಂದ್ರ ತುಂಬಿದ ತಂಬಿಗಿ ಕೊಡ್ತಾರ.”

ಬರೆಯುವವರನ್ನೆಲ್ಲ ಅವರು ಮಾಸ್ತರ ಎಂದೇ ಕರೆಯುವುದು. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರೆಯುತ್ತೇನೆ, ನಿಮಗೇನಾದರೂ ಆಸೆಯಿದ್ದರೆ ಹೇಳಿ, ಅದನ್ನೂ ಸೇರಿಸುತ್ತೇನೆ ಅನ್ನುತ್ತೇನೆ. ಆ ಪತ್ರಿಕೆ ಗಂಗಾವತಿಗೆ ಹೋಗುತ್ತದೆಯೇ ಎಂದು ಅವರು ಕೇಳುತ್ತಾರೆ. ಹೋಗುತ್ತದೆ ಅನ್ನುತ್ತೇನೆ.

“ನಮ್ಮ ಉಮರಗ ಕನ್ನಡ ಓದಾಕ ಬರತೈತ್ರಿ, ಊರಾಗಿನ ಗಾವಠಿ ಸಾಲಿಗೆ ಕಳಿಸಿದ್ದೆ. ಹತ್ತೊಂಬತ್ತ ಮನ್ಯಾಗ ಹೇಳೀನಿ, ಮಗನ ಮುಂದ ಬಾಯಿ ಬಂದಿಲ್ಲ. ಗುಳಿಗಿ ಕೊಂದಿಲ್ಲ, ನಿಮ್ಮವ್ವ ನೀರ ಕೊಡಲಿಲ್ಲ ಅಂತ ನೀವ ಬರೀರಿ. ಇಲ್ಲಾಂದ್ರ ನಾಳ್ಯಾ ಆ ಕೂಸಿಗೆ ಜ್ವರಾ ಬಂದ್ರ ಅಂವಾ ಗುಳಿಗಿ ನುಂಗಸೂದಿಲ್ಲ.”